ಬನದ ಹುಣ್ಣಿಮೆ, ಅತ್ತೆಯ ಮನೆಯ ತಾರಸಿ

ಜನವರಿ 13, 2025, ಸೋಮವಾರ, ರಾತ್ರಿ

ಮನೆಗೆ ಬಂದು ಎರಡು ಗಂಟೆಯಾಯಿತು. ಊಟಕ್ಕೆ ಎರಡು ಸಲ ಕರೆದರು. ನಾನು ಮಾತ್ರ ಕ್ಯಾಮೆರಾದಲ್ಲಿರುವ ಆ ಮೂರು ಚಿತ್ರಗಳನ್ನೇ ತಿರುತಿರುಗಿ ನೋಡುತ್ತ ಕುಳಿತಿದ್ದೇನೆ.

ಡಿಸೆಂಬರಿನ ಹುಣ್ಣಿಮೆಯನ್ನು ಜ್ವರ ನುಂಗಿತು. ಇವತ್ತು ತಪ್ಪಿದ್ದರೆ ಇನ್ನೊಂದು ವರ್ಷ ಕಾಯಬೇಕಿತ್ತು. ಚಳಿಗಾಲದ ಹುಣ್ಣಿಮೆ ಚಂದ್ರ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಈಶಾನ್ಯದ ಕಡೆಗೆ ಸರಿದಿರುತ್ತಾನೆ. ಮೈಸೂರಿನ ಮಂಡಿ ಮೊಹಲ್ಲಾದ ಅತ್ತೆಯ ಮನೆಯ ತಾರಸಿಯಿಂದ ಸಂತ ಫಿಲೋಮಿನಾ ಚರ್ಚಿನ ಗೋಪುರಗಳು ಕಾಣುವುದೂ ಅದೇ ದಿಕ್ಕಿನಲ್ಲಿ. ಇದು ಹೊಳೆದ ದಿನದಿಂದ, ಗೋಪುರದ ತುದಿಯ ಶಿಲುಬೆಯ ಹಿಂದೆ ಚಂದ್ರನನ್ನು ಹಿಡಿಯುವುದು ಬಿಟ್ಟು ನನಗೆ ಬೇರೆ ಧ್ಯಾನವಿರಲಿಲ್ಲ.

ತಾರಸಿಯ ತುಂಬ ಸಂಕ್ರಾಂತಿ. ಹಳೆಯ ಪಂಚೆಗಳ ಮೇಲೆ ಹೆಚ್ಚಿದ ಕೊಬ್ಬರಿ, ಸಣ್ಣಗೆ ಕತ್ತರಿಸಿದ ಬೆಲ್ಲ, ಸಿಪ್ಪೆ ತೆಗೆದ ಕಡಲೆಕಾಯಿ ಬೀಜ. ಅತ್ತೆ ಒಂದೊಂದನ್ನೇ ಡಬ್ಬಕ್ಕೆ ತುಂಬುತ್ತಿದ್ದರು. ಟ್ರೈಪಾಡಿಗೆ ಮೂಲೆಯಲ್ಲಿ ಒಂದಿಷ್ಟು ಜಾಗ ಸಿಕ್ಕಿತು.

ಸೂರ್ಯ ಮುಳುಗುವ ಮೊದಲೇ ಚಂದ್ರ ಬಂದ. ತೇಯ್ದ ಗಂಧದ ಬಣ್ಣ, ಮಂಜಿನ ಹಿಂದೆ ಇದ್ದೂ ಇಲ್ಲದ ಹಾಗೆ. ಗೋಪುರದ ಮೇಲೆ ಪಡುವಣದ ಬೆಳಕು ಇನ್ನೂ ಇತ್ತು. ನನಗೆ ಬೇಕಿದ್ದುದೂ ಆ ಹೊತ್ತೇ. ಕತ್ತಲಾದ ಮೇಲೆ ಚಂದ್ರನಿಗೆ ಹೊಂದಿಸಿದರೆ ಕಟ್ಟಡ ಕಪ್ಪಾಗುತ್ತದೆ, ಕಟ್ಟಡಕ್ಕೆ ಹೊಂದಿಸಿದರೆ ಚಂದ್ರ ಬರಿಯ ಬಿಳಿ ಚುಕ್ಕೆಯಾಗುತ್ತಾನೆ. ಆದರೆ ಲೆನ್ಸಿನಲ್ಲಿ ನೋಡಿದರೆ ಎದೆ ಧಸಕ್ಕೆಂದಿತು. ಚಂದ್ರ ಶಿಲುಬೆಯ ಬಲಕ್ಕೆ, ತನ್ನ ಅರ್ಧ ಅಗಲದಷ್ಟು ಆಚೆಗಿದ್ದ. ನಾನು ಎಡಕ್ಕೆ ನಾಲ್ಕು ಮೀಟರ್ ಸರಿಯಬೇಕು. ಎಡಕ್ಕೆ ಬೆಲ್ಲ, ಕೊಬ್ಬರಿ. ತನ್ನ ಅಗಲದಷ್ಟು ದೂರ ಏರಲು ಚಂದ್ರನಿಗೆ ಎರಡು ನಿಮಿಷ ಸಾಕು.

"ಅತ್ತೆ, ಆ ಪಂಚೆ" ಎಂದೆ, ಅಷ್ಟೆ. ಎಪ್ಪತ್ತೆಂಟರ ಅತ್ತೆ ಕೊಬ್ಬರಿಯ ಪಂಚೆಯನ್ನು ನಾಲ್ಕೂ ಮೂಲೆ ಹಿಡಿದು ಒಂದೇ ಸಲಕ್ಕೆ ಎತ್ತಿಕೊಂಡರು. "ಹೋಗು, ಹೋಗು, ಅವನು ಕಾಯುವುದಿಲ್ಲ" ಎಂದರು. ಮೂರು ಚಿತ್ರ ಸಿಕ್ಕವು. ಎರಡನೆಯದರಲ್ಲಿ ಶಿಲುಬೆ ಚಂದ್ರನ ನಡುವೆ ಇದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಆಮೇಲೆ ಅತ್ತೆಯ ಮೊಮ್ಮಗ ಮೊಬೈಲ್ ತಂದ. ಅವನೂ ಗೋಪುರದ ಚಿತ್ರ ತೆಗೆದು, ಅದರ ಹಿಂದೆ ಎಲ್ಲಿಂದಲೋ ಒಂದು ದೊಡ್ಡ ಚಂದ್ರನನ್ನು ತಂದು ಕೂರಿಸಿದ್ದ. ಎರಡೂ ಗೋಪುರಗಳನ್ನು ಮುಚ್ಚುವಷ್ಟು ದೊಡ್ಡವನು. "ಮಾಮ, ನನ್ನದು ಒಂದೇ ನಿಮಿಷ" ಎಂದ. ಅತ್ತೆ ಕನ್ನಡಕ ಏರಿಸಿ ನೋಡಿ, "ಇದೇ ಲಕ್ಷಣವಾಗಿದೆ ಕಣೋ" ಎಂದರು.

ನನಗೆ ನೋವಾಯಿತು. ಹುಡುಗನ ಮೇಲೆ ಸಿಟ್ಟಿಲ್ಲ. ಅರಮನೆಯ ಹಿಂದೆ ಇಂಥದೇ ಚಂದ್ರನಿರುವ ಚಿತ್ರಗಳು ನನಗೂ ಬರುತ್ತವೆ, ಬೆಟ್ಟದಿಂದ ತೆಗೆದದ್ದು ಎಂಬ ಮಾತಿನೊಂದಿಗೆ. ಚಾಮುಂಡಿ ಬೆಟ್ಟದಿಂದ ನೋಡಿದರೆ ಅರಮನೆ ವಾಯವ್ಯವನ್ನೂ ದಾಟಿ ಉತ್ತರದ ಕಡೆಗಿದೆ. ಚಂದ್ರ ಯಾವ ವರ್ಷವೂ ಅಷ್ಟು ಉತ್ತರಕ್ಕೆ ಹೋಗಿ ಮುಳುಗುವುದಿಲ್ಲ. ಇದೇ ಊರಿನಲ್ಲಿ ಹುಟ್ಟಿದವರೂ ಆ ಚಿತ್ರಗಳನ್ನು ನಂಬುತ್ತಾರಲ್ಲ ಎಂದು ಸಂಕಟವಾಗುತ್ತದೆ.

ಹುಡುಗನ ಕೈಗೆ ಒಂದು ಹುರಿಗಡಲೆ ಕೊಟ್ಟೆ. "ಕೈ ನೀಡಿ ಹಿಡಿ, ಒಂದು ಕಣ್ಣು ಮುಚ್ಚು, ಚಂದ್ರನ ಮೇಲೆ ಇಡು."

"ಮುಚ್ಚಿಹೋದ!"

"ಈಗ ಅದನ್ನೇ ಕಣ್ಣಿನ ಹತ್ತಿರಕ್ಕೆ ತಾ."

ಹುರಿಗಡಲೆ ಗೋಪುರವನ್ನೂ ನುಂಗಿತು. ಗೋಪುರವೂ ಹಾಗೆಯೇ ಎಂದೆ. ಅದು 175 ಅಡಿ ಎತ್ತರ. ಬುಡದಲ್ಲಿ ನಿಂತರೆ ಆಕಾಶವೆಲ್ಲ ಅದೇ, ಚಂದ್ರ ಅದರ ಮುಂದೆ ಒಂದು ಕಾಳು. ಹಿಂದೆ ಹಿಂದೆ ಹೋದಂತೆ ಗೋಪುರ ಕುಗ್ಗುತ್ತದೆ, ಚಂದ್ರ ಅಷ್ಟೇ ಇರುತ್ತಾನೆ. ಒಂದು ಕಿಲೋಮೀಟರ್ ದೂರದಲ್ಲಿ ಒಂಬತ್ತು ಮೀಟರ್ ಅಗಲದ ವಸ್ತು ಅವನಿಗೆ ಸರಿಸಮ. ಎರಡು ಗೋಪುರಗಳನ್ನೂ ಮುಚ್ಚುವ ಚಂದ್ರ ಬೇಕೆಂದರೆ ಇನ್ನೂ ಎಷ್ಟೋ ದೂರ ಹೋಗಬೇಕು. ಹುಡುಗ ಏನೂ ಹೇಳಲಿಲ್ಲ. ಹುರಿಗಡಲೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಲೇ ಇದ್ದ.

ಅತ್ತೆಯ ಮನಸ್ಸು ಬೇರೆಲ್ಲೋ ಇತ್ತು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಮೇಲೆ ಗೋಪುರ ಏರುವುದನ್ನು ತಾತ ಇದೇ ಬೀದಿಯಿಂದ ನೋಡುತ್ತಿದ್ದರಂತೆ. ನಾನು ಕೇಳಿದ್ದು ಇದೇ ಮೊದಲು. "ನಿಮ್ಮ ತಾತನ ಹತ್ತಿರ ಕ್ಯಾಮೆರಾ ಇರಲಿಲ್ಲ ನೋಡು" ಎಂದವರು, ಸ್ವಲ್ಪ ಹೊತ್ತು ಬಿಟ್ಟು, "ಇನ್ನು ಯಾವಾಗ ಬರುತ್ತಾನೆ ಹೀಗೆ?" ಎಂದರು.

ಸುಮಾರು 18.6 ವರ್ಷಗಳಿಗೊಮ್ಮೆ ಚಂದ್ರ ಉತ್ತರಕ್ಕೂ ದಕ್ಷಿಣಕ್ಕೂ ಅತಿ ದೂರ ಹೋಗುತ್ತಾನೆ, ಈಗ ಅಂಥ ಕಾಲ. ಇನ್ನು ಕೆಲವು ಚಳಿಗಾಲ ಕಳೆದರೆ ಅವನ ದಾರಿ ಪೂರ್ವದ ಕಡೆಗೆ ಸರಿಯುತ್ತದೆ, ಅತ್ತೆಯ ತಾರಸಿಗೂ ಶಿಲುಬೆಗೂ ಗೆರೆ ಕೂಡುವುದಿಲ್ಲ. ಮತ್ತೆ ಅಷ್ಟು ಉತ್ತರಕ್ಕೆ ಬರುವ ಹೊತ್ತಿಗೆ 2043ರ ಆಸುಪಾಸು.

"ಮುಂದಿನ ವರ್ಷವೂ ಬರಬಹುದು ಅತ್ತೆ, ಲೆಕ್ಕ ಹಾಕಿ ಹೇಳುತ್ತೇನೆ" ಎಂದೆ. ಅದಕ್ಕಿಂತ ಮುಂದಿನದನ್ನು ಹೇಳಲು ಬಾಯಿ ಬರಲಿಲ್ಲ.

ನಾಳೆ ಎಳ್ಳು ಬೀರಲು ಅಲ್ಲಿಗೆ ಹೋಗಬೇಕು. ಎರಡನೆಯ ಚಿತ್ರವನ್ನು ಮುದ್ರಿಸಿ ಅತ್ತೆಯ ಕೈಗೇ ಕೊಡಬೇಕೆಂದಿದ್ದೇನೆ. ಹಬ್ಬದ ಬೆಳಿಗ್ಗೆ ಯಾವ ಸ್ಟುಡಿಯೊ ತೆರೆದಿರುತ್ತದೋ, ಅಗ್ರಹಾರದ ಕಡೆ ಒಮ್ಮೆ ನೋಡಬೇಕು.