ಶ್ಯಾಕಲ್‌ಟನ್‌ಗೆ ಗದ್ದ ಕೂರಿಸುವ ಕೆಲಸ: ಆರನೇ ವಾರದವರೆಗೆ

ಮೊದಲ ವಾರ

ಡಬ್ಬಿ ಎರಡು ವರ್ಷದಿಂದ ಅಟ್ಟದ ಮೇಲಿತ್ತು. 1/72 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್: ಆವ್ರೊ ಶ್ಯಾಕಲ್‌ಟನ್ ಎಂಆರ್ 2, ಸಮುದ್ರದ ಮೇಲೆ ಸಬ್‌ಮರೀನ್ ಹುಡುಕುತ್ತಿದ್ದ ಗಸ್ತು ವಿಮಾನ. ನನಗೆ ಬೇಕಿರುವುದು ಅದರ ಮುದಿತನದ ರೂಪ. ಮೂಗಿನ ಕೆಳಗೆ ದೊಡ್ಡ ರೇಡಾರ್ ಕಟ್ಟಿಕೊಂಡು, ದೂರದಲ್ಲಿ ಬರುವ ವಿಮಾನಗಳ ಸುಳಿವು ಕೊಡುತ್ತ 1972ರಿಂದ 1991ರವರೆಗೆ ಹಾರಿದ ಎಇಡಬ್ಲ್ಯು 2. ಬ್ರಿಟಿಷ್ ವಾಯುಪಡೆ ಹನ್ನೆರಡು ಹಳೇ ಎಂಆರ್ 2ಗಳನ್ನೇ ಹೀಗೆ ಮಾರ್ಪಡಿಸಿತ್ತು. ನಾನೂ ಹಾಗೇ ಮಾಡೋಣ ಅಂತ. (ರೆಡಿ ಎಇಡಬ್ಲ್ಯು ಕಿಟ್ಟೇ ಸಿಗುತ್ತದೆ, ಗೊತ್ತು. ಹೇಳಬೇಡಿ.)

ಅಂಟು ಹಾಕದೆ ರೆಕ್ಕೆ ಜೋಡಿಸಿ ನೋಡಿದೆ. ತುದಿಯಿಂದ ತುದಿಗೆ ಅರ್ಧ ಮೀಟರ್. ಶೋಕೇಸಿನಲ್ಲಿ ಹಿಡಿಸುವುದಿಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಎರಡು, ಮೂರನೇ ವಾರ

ಎರಡೂ ವಾರ ಗದ್ದಕ್ಕೇ, ಅಂದರೆ ಮೂಗಿನಡಿಯ ಆ ರೇಡಾರಿನ ಉಬ್ಬಿಗೇ ಹೋಯಿತು. ಚನ್ನಪಟ್ಟಣದ ಪರಿಚಯಸ್ಥರೊಬ್ಬರು ಗೊಂಬೆಗೆ ಬಳಸುವ ಆಲೆಮರದ ತುಂಡು ಕೊಟ್ಟಿದ್ದರು, ಅದರಲ್ಲೇ ರೇಡೋಮ್ (ರೇಡಾರಿನ ಹೊರಕವಚ) ಕೆತ್ತಿದೆ. ಮೊದಲನೆಯದು ಕಡುಬಿನ ಹಾಗಾಯಿತು. ಎರಡನೆಯದಕ್ಕೆ ಪಕ್ಕದಿಂದ ತೆಗೆದ ಫೋಟೊ ಹಿಗ್ಗಿಸಿ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡೆ, ಸರಿಹೋಯಿತು. ಹೊಟ್ಟೆಯ ಉಬ್ಬಿಗೆ ಅದು ಕೂರುತ್ತಿರಲಿಲ್ಲ. ಕೊನೆಗೆ ವಿಮಾನದ ಹೊಟ್ಟೆಗೇ ಸ್ಯಾಂಡ್‌ಪೇಪರ್ ಸುತ್ತಿ, ಅದರ ಮೇಲೆ ರೇಡೋಮನ್ನು ಹಿಂದೆ ಮುಂದೆ ಉಜ್ಜಿದೆ. ಮುಕ್ಕಾಲು ಗಂಟೆಯಲ್ಲಿ ಕೂದಲೂ ತೂರದಷ್ಟು ಕಚ್ಚಿಕೊಂಡಿತು.

ಉಜ್ಜುವಾಗ ತಲೆಯಲ್ಲಿ ಓಡುತ್ತಿದ್ದದ್ದು ಆ ರೇಡಾರಿನ ಜಾತಕ. ಎಪಿಎಸ್-20, ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನೌಕಾಪಡೆಗಾಗಿ ಹುಟ್ಟಿದ್ದು. ಬ್ರಿಟನ್ನಿನ ವಿಮಾನವಾಹಕ ಹಡಗುಗಳಲ್ಲಿದ್ದ ಗ್ಯಾನೆಟ್ ವಿಮಾನಗಳಿಗೆ ಬಂತು. ಆ ಹಡಗುಗಳಿಗೇ ನಿವೃತ್ತಿ ಅಂತಾದಾಗ ಗ್ಯಾನೆಟ್‌ನಿಂದ ಬಿಚ್ಚಿ ಇದಕ್ಕೆ ಕಟ್ಟಿದರು. ವಿಮಾನವೋ, ಲ್ಯಾಂಕಾಸ್ಟರ್ ಬಾಂಬರಿನ ವಂಶ. ಎಂಜಿನ್ನು ಗ್ರಿಫನ್, ಕೊನೆಯ ಸ್ಪಿಟ್‌ಫೈರ್‌ಗಳಲ್ಲಿದ್ದ ಜಾತಿಯದು. ಅಜ್ಜನ ಕೋಟು, ಚಿಕ್ಕಪ್ಪನ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೊರಟ ಹುಡುಗ! ಇದೇ ಕೆಲಸಕ್ಕೆ ಬ್ರಿಟನ್ ತಯಾರಿಸುತ್ತಿದ್ದ ಹೊಸ ವಿಮಾನ ನಿಮ್ರೊಡ್ ಬರುವವರೆಗೆ ಸಾಕು ಅಂದುಕೊಂಡಿದ್ದರು. 1986ರಲ್ಲಿ ಆ ನಿಮ್ರೊಡ್ ಯೋಜನೆಯೇ ರದ್ದಾಗಿ, ಅಮೆರಿಕದ ಸೆಂಟ್ರಿ ವಿಮಾನ ಕೈಗೆ ಬರುವತನಕ ಮುದುಕನೇ ಕಾವಲು ಕಾಯ್ದ.

ಆವ್ರೊ ಅಂದರೆ ನಮ್ಮಲ್ಲಿ 748 ಸಾಗಣೆ ವಿಮಾನ ನೆನಪಾಗುತ್ತದೆ. ಅದರ ಬೆನ್ನ ಮೇಲೆ ರೇಡಾರಿನ ತಟ್ಟೆ ಕೂರಿಸಿದ ಬೆಂಗಳೂರಿನ ಪ್ರಯೋಗದ ವಿಮಾನ 1999ರ ಜನವರಿಯಲ್ಲಿ ಅರಕ್ಕೋಣಂ ಬಳಿ ಬಿದ್ದು ಎಂಟು ಜನ ಹೋದರು. ಅದರ ಮಾಡೆಲ್ ಮಾಡುವ ಮನಸ್ಸು ಇನ್ನೂ ಬಂದಿಲ್ಲ.

ನಾಲ್ಕನೇ ವಾರ

ಪ್ರೊಪೆಲ್ಲರ್. ಪ್ರತಿ ಎಂಜಿನ್ನಿಗೆ ಒಂದರ ಹಿಂದೊಂದು ಎರಡು, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಎರಡಕ್ಕೂ ಮೂರು ಮೂರು ಅಲಗು, ನಾಲ್ಕು ಎಂಜಿನ್ನಿಗೆ ಒಟ್ಟು 24. ಎಲ್ಲದಕ್ಕೂ ಹಳದಿ ತುದಿ. ಬಣ್ಣ ಒಣಗಲೆಂದು ಅಷ್ಟನ್ನೂ ಒಂದೇ ತಟ್ಟೆಯಲ್ಲಿ ಹರವಿಟ್ಟೆ, ಬುದ್ಧಿಗೇಡಿ. ಮುಂದಿನವು, ಹಿಂದಿನವು ಬೆರೆತುಹೋದವು. ಅಲಗಿನ ಓರೆ ಎರಡಕ್ಕೂ ಉಲ್ಟಾ. ಲೆನ್ಸ್ ಹಿಡಿದು ಒಂದೊಂದನ್ನೇ ಬೇರ್ಪಡಿಸಲು ಶನಿವಾರ ರಾತ್ರಿ ಹನ್ನೆರಡಾಯಿತು. ಆಮೇಲೂ ಮೂರನೇ ಎಂಜಿನ್ನಿಗೆ ತಪ್ಪು ಅಂಟಿಸಿ ಕಿತ್ತೆ.

ಐದನೇ ವಾರ

ಎಂಆರ್ 2ರ ಹೊಟ್ಟೆಯ ಹಿಂಭಾಗದಲ್ಲಿ ಕೆಳಗಿಳಿಸುವ ರೇಡಾರ್ ಇತ್ತು, ಇದರಲ್ಲಿಲ್ಲ. ತೂತಿಗೆ ಪ್ಲಾಸ್ಟಿಕ್ ಹಾಳೆ, ಪುಟ್ಟಿ. ಮೂರನೇ ಚಕ್ರ ಬಾಲದಲ್ಲಿರುವುದರಿಂದ, ಮಾಡೆಲ್ ಹಿಂದಕ್ಕೆ ವಾಲದಿರಲೆಂದು ಮೂಗಿಗೆ ಸೀಸ ತುಂಬುವ ರಗಳೆಯಿಲ್ಲ.

ಆರನೇ ವಾರ

ಮೈಯೆಲ್ಲ ಕಡು ಸಮುದ್ರಬೂದು. ಪ್ರೈಮರ್ ಬಿದ್ದ ಮೇಲೆ ಮರದ ನಾರು ಎದ್ದು ಕಾಣಿಸಿತು. ಫೆವಿಕ್ವಿಕ್ ತೆಳ್ಳಗೆ ಸವರಿ, ಉಜ್ಜಿ, ಮತ್ತೆ ಹೊಡೆದೆ. ‘40,000 ರಿವೆಟ್‌ಗಳು ಜೊತೆಜೊತೆಯಾಗಿ ಹಾರುತ್ತಿವೆ’ ಎಂದು ಅದರ ಸಿಬ್ಬಂದಿ ತಮಾಷೆ ಮಾಡುತ್ತಿದ್ದರಂತೆ. ನನ್ನದರಲ್ಲಿ ಉಜ್ಜಿ ಉಜ್ಜಿ ಅರ್ಧ ರಿವೆಟ್ ಮಾಯ.

ಸ್ಕಾಟ್ಲೆಂಡಿನ ಲಾಸಿಮೌತ್‌ನಲ್ಲಿದ್ದ 8ನೇ ಸ್ಕ್ವಾಡ್ರನ್ ಈ ವಿಮಾನಗಳಿಗೆ ಮಕ್ಕಳ ಟಿವಿ ಕಾರ್ಯಕ್ರಮದ ಪಾತ್ರಗಳ ಹೆಸರಿಟ್ಟಿತ್ತು. ನಾನು ಆರಿಸಿದ್ದು ಡಬ್ಲ್ಯುಎಲ್ 790, ‘ಮಿಸ್ಟರ್ ಮೆಕ್‌ಹೆನ್ರಿ’. ಈಗ ಅಮೆರಿಕದ ಟೂಸಾನ್‌ನ ಪೀಮಾ ಮ್ಯೂಸಿಯಂನಲ್ಲಿದೆ. ಹೆಸರಿನ ಡೆಕಲ್ (ಮೈಗೆ ಅಂಟಿಸುವ ತೆಳು ಅಚ್ಚು) ಪ್ರಿಂಟಿಗೆ ಕೊಟ್ಟಿದ್ದೇನೆ, ಗುರುವಾರ ಬರಬೇಕು. ಅಷ್ಟರಲ್ಲಿ ಎಂಜಿನ್ ಹಿಂದಿನ ಹೊಗೆ ಕಲೆಗೆ ಕಪ್ಪು, ಕಂದು ಚಾಕ್‌ಪುಡಿ ಬೆರೆಸಿ ಹಳೇ ರೆಕ್ಕೆಯೊಂದರ ಮೇಲೆ ತಿಕ್ಕಿ ನೋಡುತ್ತಿದ್ದೇನೆ. ಕಂದು ಜಾಸ್ತಿಯಾಯಿತು.