ಮಳೆಗಾಲಕ್ಕೆ ಮುಂಚೆ ಮೂಡಲ್ (Moodle) ಕಡೆ ಒಮ್ಮೆ ನೋಡಿ

ಜುಲೈನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಗುತ್ತೆ. ನೋಟ್ಸ್, ಅಸೈನ್‌ಮೆಂಟ್, ಕ್ವಿಜ್ ಎಲ್ಲ ನಡೆಯೋ ಕಾಲೇಜಿನ ಆನ್‌ಲೈನ್ ತಾಣ ಮೂಡಲ್‌ನಲ್ಲಿ ಮಾತ್ರ ಅಸೈನ್‌ಮೆಂಟ್ ಗಡುವು ರಾತ್ರಿ 11:59ಕ್ಕೇ!

ಅಲ್ಲಿ ಎರಡು ದಿನಾಂಕ ಇವೆ. ಡ್ಯೂ ಡೇಟ್ ದಾಟಿದರೂ ಉತ್ತರ ಹೋಗುತ್ತೆ, ತಡ ಅಂತ ಗುರುತು ಬೀಳುತ್ತೆ ಅಷ್ಟೇ. ಬಾಗಿಲು ಹಾಕೋದು ಕಟ್-ಆಫ್ ಡೇಟ್. ಎರಡಕ್ಕೂ ಒಂದೇ ಹೊತ್ತು ಕೊಡೋ ಮೇಷ್ಟ್ರುಗಳೇ, ನಡುವೆ ಮೂರು ದಿನ ಬಿಡಿ.

ದೊಡ್ಡ ಗೋಳು ಫೈಲಿನದು. ಫೋನಲ್ಲಿ ತೆಗೆದ ಒಂದು ಪುಟದ ಫೋಟೋನೇ ಸಲೀಸಾಗಿ 3-4 ಎಂಬಿ. ಸರ್ವರ್‌ನಲ್ಲಿ ಮೂಡಲ್ ಓಡಿಸೋ ತಂತ್ರಾಂಶ ಪಿಎಚ್‌ಪಿಯ ಮೂಲ ಮಿತಿ ಒಂದು ಫೈಲಿಗೆ 2 ಎಂಬಿ, ಒಂದು ಸಲ ಕಳಿಸೋ ಒಟ್ಟು ಡೇಟಾಗೆ 8 ಎಂಬಿ. ಸರ್ವರ್‌ನಲ್ಲಿ ಎರಡನ್ನೂ ಏರಿಸದೆ ಕೋರ್ಸ್ ಸೆಟ್ಟಿಂಗಲ್ಲಿ ಎಷ್ಟು ತಡಕಾಡಿದರೂ 20 ಎಂಬಿ ಆಯ್ಕೆ ಕಾಣಲ್ಲ. ಮಕ್ಕಳಿಗೂ ಸ್ಕ್ಯಾನರ್ ಆಪ್‌ನಲ್ಲಿ ಕಪ್ಪು-ಬಿಳುಪು ಪಿಡಿಎಫ್ ಮಾಡೋದು ಕಲಿಸಿ, ಗಾತ್ರ ಎಷ್ಟೋ ಇಳಿಯುತ್ತೆ.

ಇನ್ನೊಂದು. ಸಬ್ಮಿಟ್ ಬಟನ್ ಕಡ್ಡಾಯ ಅನ್ನೋ ಆಯ್ಕೆಗೆ 'ಹೌದು' ಕೊಟ್ಟಿದ್ದರೆ, ಫೈಲ್ ಹಾಕಿ ಸೇವ್ ಮಾಡಿದ್ದು ಡ್ರಾಫ್ಟ್ ಆಗೇ ಕೂತಿರುತ್ತೆ. "ಕಳಿಸಿದೀನಿ ಸರ್" ಅಂತಾಳೆ ಹುಡುಗಿ, "ಬಂದಿಲ್ಲಮ್ಮ" ಅಂತಾರೆ ಸರ್. ಇಬ್ಬರದ್ದೂ ನಿಜವೇ! ಇದನ್ನ 'ಇಲ್ಲ' ಮಾಡಿಬಿಡೋದು ಕ್ಷೇಮ.

ಕ್ವಿಜ್ ಉತ್ತರ ನಿಮಿಷಕ್ಕೊಮ್ಮೆ ತಾನೇ ಸೇವ್ ಆಗುತ್ತೆ, ಆದರೆ ನೆಟ್ ಇದ್ದರೆ ಮಾತ್ರ. ಅದಕ್ಕೇ 20 ನಿಮಿಷದ ಟೈಮರ್ ಕ್ವಿಜ್ ಮನೆಗೆ ಕೊಡಬೇಡಿ, ಲ್ಯಾಬಲ್ಲೇ ಮಾಡಿಸಿ. ನೋಟ್ಸನ್ನ ಹಾಸನದ ಬಸ್ ಹತ್ತೋ ಮುಂಚೆ ಕಾಲೇಜಿನ ವೈಫೈನಲ್ಲೇ ಮೂಡಲ್ ಆಪ್‌ಗೆ ಇಳಿಸಿಕೊಳ್ಳಲಿ.