ಪೀಪಾಯಿಯ ವಿಸ್ಕಿಯಲ್ಲಿ ಮದ್ಯಸಾರ ನಿಜವಾಗಿ ಎಷ್ಟಿದೆ?

ನಾನು ಪ್ರಯೋಗಾಲಯದ ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತಿದು. ಒಮ್ಮೆ ಶೆರ್ರಿ ವೈನ್ ತುಂಬಿಟ್ಟಿದ್ದ ಓಕ್ ಪೀಪಾಯಿಯೊಂದರಲ್ಲಿ ನಾಲ್ಕು ವರ್ಷ ಮಾಗಿದ ಮಾಲ್ಟ್ ವಿಸ್ಕಿಯ ಮಾದರಿ ನನ್ನ ಮೇಜಿಗೆ ಬಂದಿತ್ತು. ಎತ್ತರದ ಗಾಜಿನ ಜಾಡಿಗೆ ಅದನ್ನು ಸುರಿದು, ದ್ರವದಲ್ಲಿ ತೇಲುವ ಗಾಜಿನ ಬುರುಡೆಯ ಮಾಪಕವಾದ ಹೈಡ್ರೊಮೀಟರನ್ನು ಮೆಲ್ಲಗೆ ಇಳಿಬಿಟ್ಟು, ಉಷ್ಣಾಂಶವನ್ನು ಗುರುತು ಹಾಕಿಕೊಂಡು, ಕೋಷ್ಟಕದಲ್ಲಿ ತಿದ್ದುಪಡಿ ನೋಡಿ, ಶೇಕಡಾ 60.2 ಎಂದು ದಾಖಲೆ ಪುಸ್ತಕದಲ್ಲಿ ಬರೆದೆ. ಹಿರಿಯ ರಸಾಯನಶಾಸ್ತ್ರಜ್ಞರು ಪುಸ್ತಕವನ್ನು ನೋಡಿ, ನಂತರ ಜಾಡಿಯಲ್ಲಿದ್ದ ದ್ರವದ ಗಾಢ ಕಂದು ಬಣ್ಣವನ್ನು ನೋಡಿ, "ಈ ಬುರುಡೆ ಹೇಳೋದು ಸಾಂದ್ರತೆಯನ್ನ ಕಣಪ್ಪ, ಮದ್ಯಸಾರವನ್ನಲ್ಲ. ಬಟ್ಟಿ ಇಳಿಸಿ ಇನ್ನೊಮ್ಮೆ ಅಳೆ" ಎಂದರು. ಅಂದು ಮಧ್ಯಾಹ್ನದ ಹೊತ್ತಿಗೆ ನನಗೆ ಸಿಕ್ಕ ಉತ್ತರ 60.8.

ಈ ವ್ಯತ್ಯಾಸದ ಮೂಲ ಸರಳವಾಗಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮಿಲಿಲೀಟರ್ ನೀರು 0.998 ಗ್ರಾಂ ತೂಗಿದರೆ, ಅಷ್ಟೇ ಶುದ್ಧ ಎಥನಾಲ್, ಅಂದರೆ ಮದ್ಯಸಾರ, 0.789 ಗ್ರಾಂ ತೂಗುತ್ತದೆ. ಮದ್ಯಸಾರ ಹೆಚ್ಚಿದಷ್ಟೂ ದ್ರವ ಹಗುರವಾಗಿ ಹೈಡ್ರೊಮೀಟರ್ ಹೆಚ್ಚು ಆಳಕ್ಕೆ ಇಳಿಯುತ್ತದೆ. ದ್ರವದಲ್ಲಿ ನೀರು ಮತ್ತು ಎಥನಾಲ್ ಬಿಟ್ಟು ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲದಿದ್ದರೆ ಈ ಲೆಕ್ಕ ಚೊಕ್ಕವಾಗಿರುತ್ತದೆ. ಆಗಷ್ಟೇ ಬಟ್ಟಿಯಿಂದ ಇಳಿದ ಬಣ್ಣವಿಲ್ಲದ ಸ್ಪಿರಿಟ್‌ನ ವಿಷಯದಲ್ಲಿ ಅದನ್ನು ನಂಬಬಹುದು. ಪೀಪಾಯಿಯೊಳಗೆ ಹೋದ ಮೇಲೆ ಓಕ್ ಮರದ ಟ್ಯಾನಿನ್, ಸುಟ್ಟ ಒಳಮೈಯ ಸಕ್ಕರೆಗಳು, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ಬಂದ ಪದಾರ್ಥಗಳು, ಹಿಂದೆ ಅದರಲ್ಲಿದ್ದ ವೈನಿನ ಶೇಷ, ಇವೆಲ್ಲ ವಿಸ್ಕಿಯಲ್ಲಿ ಕರಗುತ್ತವೆ. ಕರಗಿದ ಘನಪದಾರ್ಥ ದ್ರವವನ್ನು ಭಾರವಾಗಿಸುತ್ತದೆ, ಹೈಡ್ರೊಮೀಟರ್ ಅಷ್ಟು ಮೇಲಕ್ಕೆ ತೇಲುತ್ತದೆ, ಇರುವುದಕ್ಕಿಂತ ಕಡಿಮೆ ಮದ್ಯಸಾರ ಇದೆಯೆಂದು ತೋರಿಸುತ್ತದೆ. ಅಮೆರಿಕದ ಅಬಕಾರಿ ನಿಯಮಗಳ ಲೆಕ್ಕದಲ್ಲಿ, 100 ಮಿಲಿಲೀಟರಿಗೆ 100 ಮಿಲಿಗ್ರಾಂ ಘನಪದಾರ್ಥ ಇದ್ದರೆ ಸುಮಾರು ಶೇಕಡಾ 0.2ರಷ್ಟು ಮದ್ಯಸಾರ ಹೀಗೆ ಮರೆಯಾಗುತ್ತದೆ. ಬಣ್ಣಕ್ಕಾಗಿ ಕ್ಯಾರಮೆಲ್ ಬೆರೆಸಿದರೂ ಇದೇ ಪರಿಣಾಮ.

ಶೇಕಡಾ 0.6 ಏನು ಮಹಾ ಎಂದು ಕೇಳುವವರಿಗೆ ನಾನು ಈ ಲೆಕ್ಕವನ್ನು ತೋರಿಸುತ್ತೇನೆ. ಆ ಪೀಪಾಯಿಯಲ್ಲಿ 200 ಲೀಟರ್ ಇದೆಯೆಂದೂ, ಅದನ್ನು ನೀರು ಬೆರೆಸಿ ಶೇಕಡಾ 42.8ಕ್ಕೆ ಇಳಿಸಬೇಕೆಂದೂ ಇಟ್ಟುಕೊಳ್ಳೋಣ. 60.2 ಎಂದು ನಂಬಿದವರು ಒಟ್ಟು ಪ್ರಮಾಣವನ್ನು 281.3 ಲೀಟರಿಗೆ ತರುತ್ತಾರೆ. ನಿಜವಾದ ಮದ್ಯಸಾರ 60.8 ಆಗಿರುವುದರಿಂದ ಬಾಟಲಿಗೆ ಸೇರುವುದು 43.2. ಐರೋಪ್ಯ ಒಕ್ಕೂಟದಲ್ಲಿ ಲೇಬಲ್ಲಿನ ಅಂಕಿಗೂ ಒಳಗಿರುವುದಕ್ಕೂ 0.3ಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ. ಈ ಬಾಟಲಿ ಆ ಮಿತಿಯನ್ನು ದಾಟಿಬಿಟ್ಟಿರುತ್ತದೆ. ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದು. ನೀರು ಬೆರೆಸಿದ ಮೇಲೆ ಅದೇ ಹೈಡ್ರೊಮೀಟರಿನಿಂದ ಪರೀಕ್ಷಿಸಿದರೆ ಅದು ಬಹುತೇಕ 42.8 ಎಂದೇ ತೋರಿಸುತ್ತದೆ, ಏಕೆಂದರೆ ಮರೆಮಾಡುವ ಪದಾರ್ಥ ಇನ್ನೂ ಅಲ್ಲೇ ಇದೆ. ತಪ್ಪು ನಡೆದಿದೆ ಎಂಬುದು ಆ ಉಪಕರಣದಿಂದ ಎಂದಿಗೂ ಗೊತ್ತಾಗುವುದಿಲ್ಲ.

ಈ 42.8 ಎಂಬ ವಿಚಿತ್ರ ಅಂಕಿಯನ್ನು ನಮ್ಮ ದೇಶದ ಲೇಬಲ್ಲುಗಳಲ್ಲಿ ಎಲ್ಲರೂ ಕಂಡಿರುತ್ತಾರೆ. ಮದ್ಯದ ಕಡುಪನ್ನು ಹೇಳುವ ಬ್ರಿಟಿಷರ ಹಳೆಯ ಮಾನದಲ್ಲಿ ಅದು 75 ಡಿಗ್ರಿ ಪ್ರೂಫ್. ಬಾರ್ತಲೊಮ್ಯೂ ಸೈಕ್ಸ್ ಅವರ ಹೈಡ್ರೊಮೀಟರಿಗೆ ಮಾನ್ಯತೆ ಕೊಟ್ಟ 1816ರ ಬ್ರಿಟಿಷ್ ಕಾಯಿದೆಯ ಪ್ರಕಾರ, 51 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸಮ ಪ್ರಮಾಣದ ನೀರಿನ ಹದಿಮೂರರಲ್ಲಿ ಹನ್ನೆರಡು ಪಾಲು ತೂಗುವ ಸ್ಪಿರಿಟ್ಟೇ ಪ್ರೂಫ್ ಸ್ಪಿರಿಟ್. ಇಂದಿನ ಲೆಕ್ಕದಲ್ಲಿ ಅದು ಸುಮಾರು ಶೇಕಡಾ 57.1; ಅದರ ನೂರರಲ್ಲಿ 75 ಪಾಲೇ 42.8. ತೆರಿಗೆಗಾಗಿ ಹುಟ್ಟಿದ ಈ ವ್ಯಾಖ್ಯೆಯೂ ಕೇವಲ ತೂಕದ ಮಾತನ್ನಾಡುತ್ತದೆ ಎಂಬುದನ್ನು ಗಮನಿಸಬೇಕು.

ಬೆಂಗಳೂರಿನಂಥ ಊರಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. 2004ರಲ್ಲಿ ಗ್ಲಾಸ್ಗೋದಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದ ನಮ್ಮ ಅಮೃತ್ ಡಿಸ್ಟಿಲರೀಸ್‌ನಿಂದಾಗಿ ಇಲ್ಲಿ ಮಾಗುವ ವಿಸ್ಕಿಯ ಬಗ್ಗೆ ಜಗತ್ತಿಗೆ ತಿಳಿಯಿತು. ಉದ್ಯಮದವರು ಏಂಜಲ್ಸ್ ಶೇರ್ ಎಂದು ಕರೆಯುವ ಆವಿಯ ನಷ್ಟ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇಕಡಾ 2 ಇದ್ದರೆ ಬೆಂಗಳೂರಿನಲ್ಲಿ 10ರಿಂದ 12. ವರ್ಷಕ್ಕೆ ಹತ್ತರಂತೆ ಹೋದರೂ ನಾಲ್ಕು ವರ್ಷದಲ್ಲಿ ಪೀಪಾಯಿಯ ಮೂರನೆಯ ಒಂದು ಪಾಲು ಖಾಲಿಯಾಗುತ್ತದೆ. ಆವಿಯಾಗುವುದು ನೀರು ಮತ್ತು ಮದ್ಯಸಾರ ಮಾತ್ರ. ಮರದಿಂದ ಇಳಿದ ಘನಪದಾರ್ಥ ಉಳಿದ ದ್ರವದಲ್ಲೇ ನಿಂತು ಒಂದೂವರೆ ಪಟ್ಟು ದಟ್ಟವಾಗುತ್ತದೆ. ಇನ್ನು ಉಗ್ರಾಣದ ಗಾಳಿ ಒಣಗಿದ್ದರೆ ನೀರು ಹೆಚ್ಚು ಹೋಗಿ ಮದ್ಯಸಾರದ ಪ್ರಮಾಣ ಏರಬಹುದು, ತೇವವಾಗಿದ್ದರೆ ಇಳಿಯಬಹುದು. ಆದ್ದರಿಂದ ಪಕ್ಕದ ಪೀಪಾಯಿಯ ಅಂಕಿಯನ್ನು ಇದಕ್ಕೆ ಹೊಂದಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅಳತೆಯೇ ಅಲ್ಲ.

ಉಷ್ಣಾಂಶದ ತಪ್ಪು ಇದಕ್ಕಿಂತ ದೊಡ್ಡದು, ಆದರೆ ಅದು ಕಣ್ಣಿಗೆ ಬೀಳುವಂಥದ್ದು. 20 ಡಿಗ್ರಿಗೆ ಗುರುತು ಮಾಡಿದ ಹೈಡ್ರೊಮೀಟರನ್ನು 28 ಡಿಗ್ರಿಯ ವಿಸ್ಕಿಯಲ್ಲಿ ಬಿಟ್ಟರೆ ಮದ್ಯಸಾರವನ್ನು ಸುಮಾರು 3 ಶೇಕಡಾ ಅಂಶ ಹೆಚ್ಚು ತೋರಿಸುತ್ತದೆ. ಕೋಷ್ಟಕ ಅದನ್ನು ಸರಿಪಡಿಸುತ್ತದೆ. ಕರಗಿದ ಪದಾರ್ಥವನ್ನು ಯಾವ ಉಷ್ಣಾಂಶದ ಕೋಷ್ಟಕವೂ ಸರಿಪಡಿಸಲಾರದು. ಕಂಪಿಸುವ ಗಾಜಿನ ನಳಿಕೆಯ ಡಿಜಿಟಲ್ ಸಾಂದ್ರತಾಮಾಪಕ ಎಷ್ಟೇ ಸೂಕ್ಷ್ಮವಾಗಿದ್ದರೂ ಅಳೆಯುವುದು ಸಾಂದ್ರತೆಯನ್ನೇ.

ಬಟ್ಟಿ ಇಳಿಸುವ ಕ್ರಮ ಹೀಗಿದೆ. 200 ಮಿಲಿಲೀಟರ್ ಮಾದರಿಯನ್ನು 20 ಡಿಗ್ರಿಯಲ್ಲಿ ಕತ್ತಿನ ಗೆರೆಯಿರುವ ಫ್ಲಾಸ್ಕಿನಲ್ಲಿ ಅಳೆದು, ದೊಡ್ಡ ಫ್ಲಾಸ್ಕಿಗೆ ಸುರಿದು, ಅಳೆದ ಫ್ಲಾಸ್ಕನ್ನು ಸ್ವಲ್ಪ ಬಟ್ಟಿ ನೀರಿನಿಂದ ತೊಳೆದು ಆ ನೀರನ್ನೂ ಸೇರಿಸಬೇಕು. ಕುದಿ ಎಗರದಂತೆ ಪ್ಯೂಮಿಸ್ ಕಲ್ಲಿನ ಚೂರು ಹಾಕಿ, ಹದವಾಗಿ ಕಾಯಿಸಿ, ತಣಿದು ಬರುವ ದ್ರವವನ್ನು ಅದೇ ಅಳತೆಯ ಫ್ಲಾಸ್ಕಿನಲ್ಲಿ, ಮಂಜಿನ ನೀರಿನಲ್ಲಿಟ್ಟು ಹಿಡಿಯಬೇಕು. ಗೆರೆಗೆ ಸ್ವಲ್ಪ ಕೆಳಗೆ ನಿಲ್ಲಿಸಿ, ಮತ್ತೆ 20 ಡಿಗ್ರಿಗೆ ತಂದು, ನೀರಿನಿಂದ ಗೆರೆ ಮುಟ್ಟಿಸಬೇಕು. ಮದ್ಯಸಾರವೆಲ್ಲ ಈ ಕಡೆ ಬಂದಿರುತ್ತದೆ, ಘನಪದಾರ್ಥ ಆ ಕಡೆ ಉಳಿದಿರುತ್ತದೆ, ಪ್ರಮಾಣ ಮೊದಲಿನಷ್ಟೇ ಇರುತ್ತದೆ. ಈಗ ಸಾಂದ್ರತೆ ಅಳೆದರೆ ಅದು ನಿಜ ಹೇಳುತ್ತದೆ. ಇಲ್ಲಿ ಜೋಡಣೆಯ ಸಂದಿಯೊಂದು ಸಡಿಲವಿದ್ದರೂ ಮದ್ಯಸಾರ ಸೋರಿಹೋಗಿ ಅಂಕಿ ಮತ್ತೆ ಕಡಿಮೆ ಬರುತ್ತದೆ. ಆ ಕಾರಣಕ್ಕೆ ನಾನು ಪ್ರಮಾಣ ಗೊತ್ತಿರುವ ಎಥನಾಲ್–ನೀರಿನ ಮಿಶ್ರಣವನ್ನು ಮೊದಲು ಬಟ್ಟಿ ಇಳಿಸಿ, ಹಾಕಿದ್ದಷ್ಟೂ ಹಿಂದಕ್ಕೆ ಬಂತೇ ಎಂದು ನೋಡುತ್ತೇನೆ.

ಅಂದು 60.8 ಬಂದ ಮೇಲೂ ನನ್ನ ಮನಸ್ಸು ಒಪ್ಪಿರಲಿಲ್ಲ. ಉಳಿದ ಮಾದರಿಯಿಂದ 100 ಮಿಲಿಲೀಟರನ್ನು ತೂಗಿದ ಬಟ್ಟಲಿನಲ್ಲಿ ನೀರಿನ ಹಬೆಯ ಮೇಲೆ ಪೂರ್ತಿ ಆರಿಸಿದೆ. ತಳದಲ್ಲಿ ಹಳೆಯ ಬೆಲ್ಲದ ಪಾಕದಂತೆ ಕಂದು ಅಂಟು ಉಳಿಯಿತು, ಒಣದ್ರಾಕ್ಷಿಯ ವಾಸನೆಯಿತ್ತು. ಬಟ್ಟಲನ್ನು ಒಣಗಿಸಿ ತಕ್ಕಡಿಗಿಟ್ಟಾಗ ಆ ಅಂಟಿನ ತೂಕ 0.3 ಗ್ರಾಂ. 100 ಮಿಲಿಗ್ರಾಮಿಗೆ 0.2ರಂತೆ ಲೆಕ್ಕ ಹಾಕಿದೆ: 0.6. ದಾಖಲೆ ಪುಸ್ತಕದಲ್ಲಿ 60.2ರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 60.8 ಎಂದು ಬರೆದು ಸಹಿ ಹಾಕಿದೆ.